ತುಂಬಬೇಕಾದ ಅಂಗಿ

ಅಡುಗೆಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಮೆಂತ್ಯ ಹುರಿಯುತ್ತಿದ್ದಾಳೆ. ಮೆಂತ್ಯ ಹುರಿಯುವ ವಾಸನೆಯನ್ನು ನೀವು ಬಲ್ಲಿರಿ. ಮೊದಲು ಅದು ಒಳ್ಳೆಯ ಸುದ್ದಿ ತಂದ ನೆಂಟನಂತೆ ಬರುತ್ತದೆ. ಹದ ಕೊಂಚ ಮೀರಿತೋ, ಗಂಟಲಿನ ಹಿಂದೆ ಚಾಪೆ ಹಾಸಿ ಕೂತುಬಿಡುತ್ತದೆ. ನಾನು ಹಜಾರದಲ್ಲಿ, ಹೋದ ವರ್ಷ ಅಳತೆ ಕೊಟ್ಟು ಹೊಲಿಸಿದ ಅಂಗಿಯನ್ನು ತೊಟ್ಟು ಕುಳಿತಿದ್ದೇನೆ. ಹೊಲಿದವನ ತಪ್ಪೇನೂ ಇಲ್ಲ, ಆದರೂ ಅದೀಗ ಗೂಟಕ್ಕೆ ಸಿಕ್ಕಿಸಿದಂತೆ ನನ್ನ ಹೆಗಲಿನಿಂದ ಜೋಲುತ್ತಿದೆ.

ನನಗೆ ಹರ್ನಿಯಾ. ಶಸ್ತ್ರಚಿಕಿತ್ಸೆ ಆಗಲೇಬೇಕು, ತಡವಾದಷ್ಟೂ ಅಪಾಯ. ಆದರೆ ಶಿವಮೊಗ್ಗದ ನಮ್ಮ ಡಾಕ್ಟರು ಕತ್ತರಿ ಮುಟ್ಟಲು ಒಪ್ಪುತ್ತಿಲ್ಲ. ನನ್ನ ತೂಕ ಕಾರಣವಿಲ್ಲದೆ ಇಳಿಯುತ್ತಿದೆ. ರಕ್ತ, ಮೂತ್ರ, ಹೊಟ್ಟೆಯ ಚಿತ್ರ, ಎದೆಯ ಚಿತ್ರ ಎಲ್ಲವನ್ನೂ ನೋಡಿಯಾಯಿತು. ಎಲ್ಲವೂ ಸರಿಯಾಗಿವೆ, ನಾನೊಬ್ಬನೇ ಕಡಿಮೆಯಾಗುತ್ತಿದ್ದೇನೆ. "ಯಜಮಾನ್ರೇ, ಮೊದ್ಲು ಮೈಗೆ ಒಂದಿಷ್ಟು ತೂಕ ಹಿಡಿಸ್ಕೊಂಡು ಬನ್ನಿ. ಎಣ್ಣೆ ತಿಂಡಿ ತಿಂದು ಅಲ್ಲ, ಒಳ್ಳೆ ಊಟ ಮಾಡಿ. ಇಳೀತಾನೇ ಹೋದ್ರೆ ನನ್ ಕೈಲಾಗಲ್ಲ," ಎಂದರು ಅವರು. ಆದ್ದರಿಂದ ಈ ಮೆಂತ್ಯ. ಆದ್ದರಿಂದ ಬೆಳಿಗ್ಗೆ ಮೊಳಕೆ ಹೆಸರುಕಾಳು, ಹನ್ನೊಂದಕ್ಕೆ ರಾಗಿ ಗಂಜಿ, ಸಂಜೆ ನೆನೆಸಿದ ಕಡಲೆಬೀಜ, ಬೆಲ್ಲ.

ನಾನು ಶಾಲೆಯಲ್ಲಿ ಕಲಿತದ್ದು ಸ್ವಲ್ಪ. ಮಿಕ್ಕಿದ್ದನ್ನೆಲ್ಲ ಕಾರ್ಖಾನೆಯ ಪಾಳಿ ಮುಗಿದ ಮೇಲೆ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಕಲಿತೆ. ಹಾಗೆ ಕಲಿತವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ "ಕಂಡವರು ಯಾರು?" ಎಂದು ಕೇಳುವ ಚಟ. ಊರಿನ ಸ್ಥಳಪುರಾಣದಿಂದ ಹಿಡಿದು ನೆಂಟರ ಮನೆಯ ಕಾಯಿಲೆಯವರೆಗೆ ನಾನು ನಂಬದೆ ಬಿಟ್ಟ ಕಥೆಗಳು ಬಹಳ. ಮದುವೆಮನೆಯಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುವುದಕ್ಕೆ ಇದೇ ಕಾರಣವೆಂದು ಗಿರಿಜಾಳ ಅಭಿಪ್ರಾಯ. ತಿಂದದ್ದು ಮೈಗೆ ಹತ್ತಬೇಕು ಎನ್ನುತ್ತಾರಲ್ಲ, ಆ ಮಾತನ್ನೂ ನಾನು ಅರ್ಧವೇ ನಂಬುತ್ತೇನೆ. ಹತ್ತುವುದು ನಿಜ. ಯಾರ ಮೈಗೆ ಎಂಬುದನ್ನು ಮಾತ್ರ ಜನ ಕೇಳುವುದಿಲ್ಲ.

ಕೇಳಬೇಕೆಂದು ನನಗೆ ತಿಳಿದದ್ದು ಭದ್ರಾವತಿಯಲ್ಲಿ.

ಆಗ ನನಗೆ ಹತ್ತೊಂಬತ್ತು. ಹೊಳಲೂರಿನಿಂದ ಭದ್ರಾವತಿಯ ಕಾರ್ಖಾನೆಗೆ ಕೆಲಸಕ್ಕೆಂದು ಹೋದವನನ್ನು ವೈದ್ಯಕೀಯ ಪರೀಕ್ಷೆಯಲ್ಲಿ ತೂಕ ಸಾಲದೆಂದು ಹಿಂದಕ್ಕೆ ಕಳಿಸಿದರು. ಆ ಕಾಲದ ಉಮೇದುವಾರರಲ್ಲಿ ಒಂದು ಉಪಾಯ ರೂಢಿಯಲ್ಲಿತ್ತು. ಗೇಟಿನ ಹೊರಗೆ ಬಾಳೆಹಣ್ಣನ್ನು ಸಾಲುಸಾಲಾಗಿ ನುಂಗಿ, ನಲ್ಲಿಗೆ ಬಾಯಿಟ್ಟು, ಹೊಟ್ಟೆಯನ್ನು ತುಂಬಿದ ಕೊಡದಂತೆ ಹೊತ್ತು ಸಾಲಿನಲ್ಲಿ ನಿಲ್ಲುವುದು. ನಾನೂ ನಿಂತೆ. ಡಾಕ್ಟರು ಬರುವುದು ತಡವಾಯಿತು, ಪ್ರಕೃತಿ ತಡೆಯಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲುವ ಹೊತ್ತಿಗೆ ನಾನು ಮನೆಯಿಂದ ಹೊರಟಾಗಿನಷ್ಟೇ ಹಗುರಾಗಿದ್ದೆ. ಮೂರು ತಿಂಗಳು ಬಿಟ್ಟು ಬಾ ಎಂದರು. ಆಗಲೂ ಸಾಲದಿದ್ದರೆ ಕೆಲಸ ಇನ್ನೊಬ್ಬನ ಪಾಲು.

ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನನ್ನ ತಂದೆಗೆ ದೂರದ ದಾಯಾದಿಯೊಬ್ಬರಿದ್ದರು. ಅವರು ದಾವಣಗೆರೆ ಕಡೆಯಿಂದ ಬಂದು ಕಾರ್ಖಾನೆ ಸೇರಿದವರು. ನಮಗೂ ಅವರಿಗೂ ಹೋಗಿಬರುವ ಬಳಕೆ ಇರಲಿಲ್ಲ. ಗಂಡಹೆಂಡತಿ ಇಬ್ಬರೇ, ಮಕ್ಕಳಿಲ್ಲ, ಅನ್ನ ಹಾಕಲು ಬೇಸರಪಡದ ಜನ ಎಂದು ಯಾರೋ ಹೇಳಿದ್ದನ್ನು ನಂಬಿ ಅಪ್ಪ ನನ್ನನ್ನು ಅಲ್ಲಿ ಬಿಟ್ಟರು. ಅವರನ್ನು ದೊಡ್ಡಪ್ಪ, ದೊಡ್ಡಮ್ಮ ಎಂದು ಕರೆಯತೊಡಗಿದೆ.

ದೊಡ್ಡಮ್ಮನಿಗೆ ನನ್ನ ಬಾಳೆಹಣ್ಣಿನ ಕಥೆ ಹಿಡಿಸಲಿಲ್ಲ. "ಅದು ತೂಕ ಅಲ್ಲ ಮಾರಾಯ, ಹೊರೆ. ಹೊರೆ ಇಳಿಸ್ಬೋದು. ಮೈ ಇಳಿಸೋಕಾಗಲ್ಲ," ಎಂದಳು. ಅವಳ ಮನೆಯಲ್ಲಿ ಮೈದಾಹಿಟ್ಟು ಹೊಸಿಲು ದಾಟುತ್ತಿರಲಿಲ್ಲ. ಬೋಂಡ, ಬಜ್ಜಿಗಳು ಊದಿಸುತ್ತವೆಯೇ ಹೊರತು ಬೆಳೆಸುವುದಿಲ್ಲ ಎಂಬುದು ಅವಳ ಸಿದ್ಧಾಂತ. ಬಿಸಿ ಮುದ್ದೆ, ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಟ್ಟು, ಗಟ್ಟಿ ಮೊಸರು. ಇವೆಲ್ಲಕ್ಕೂ ಮೇಲೆ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ತುಪ್ಪದಲ್ಲಿ ಅದ್ದಿದ ಮೆಂತ್ಯದ ಉಂಡೆ. ಬಾಣಂತಿಯರಿಗೆ ಕೊಡುವ ಉಂಡೆ ಅದು. ನನ್ನ ಜೊತೆಯ ಉಮೇದುವಾರರಿಗೆ ಈ ವಿಷಯ ತಿಳಿದು, ಕಂಡಲ್ಲೆಲ್ಲ "ಕೂಸು ಹೆಂಗಿದೆಯಪ್ಪ?" ಎಂದು ವಿಚಾರಿಸುತ್ತಿದ್ದರು. ನನಗೋ ಮೆಂತ್ಯ ಎಂದರೆ ಹುಟ್ಟಿನಿಂದ ಆಗದು. ಮೊದಲನೆಯ ದಿನ ಕಹಿಗೆ ಕಣ್ಣಲ್ಲಿ ನೀರು ಬಂತು. ದೊಡ್ಡಮ್ಮ ಎದುರಿಗೆ ಕುಳಿತು ನೋಡುತ್ತಿದ್ದಳು. ನಾನು ನುಂಗಿ ಮುಗಿಸಿದ ಮೇಲೆ ನಿಧಾನವಾಗಿ, "ನಿಂಗೆ ಮೊದ್ಲಿಂದ್ಲೂ ಮೆಂತ್ಯ ಅಂದ್ರೆ ಇಷ್ಟ," ಎಂದಳು.

ನಾನು ಅವಳ ಮನೆಗೆ ಬಂದು ಆಗಿನ್ನೂ ಒಂದೇ ರಾತ್ರಿ ಕಳೆದಿತ್ತು.

ಅವಳ ಬಳಿ ತೂಕದ ಯಂತ್ರ ಇರಲಿಲ್ಲ. ಒಂದು ಅಂಗಿ ಇತ್ತು. ತಿಳಿನೀಲಿ ಗೆರೆಯದು, ನಡುಕೋಣೆಯ ಮೊಳೆಗೆ ನೇತುಹಾಕಿರುತ್ತಿದ್ದಳು. ಸೋಮವಾರ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಮೇಲೆ ನಾನು ಅದನ್ನು ತೊಟ್ಟು ಅವಳಿಗೆ ಬೆನ್ನು ಮಾಡಿ ನಿಲ್ಲಬೇಕು. ಅವಳು ಬೆನ್ನಿನ ಕಡೆ ಹೆಚ್ಚಾದ ಬಟ್ಟೆಯನ್ನು ಕೂಡಿಸಿ ಹಿಡಿದು ನೋಡುವಳು. ಮೊದಲನೆಯ ಸಲ ಅವಳ ಮುಷ್ಟಿ ತುಂಬ ಬಟ್ಟೆ ಸಿಕ್ಕಿತು. "ಇದು ತುಂಬಿದ ದಿನ ನಿನ್ ತೂಕ ಸರಿ ಆಯ್ತು ಅಂತ ತಿಳ್ಕೊ," ಎಂದಳು. ಅಳತೆಯ ವಿಧಾನ ಸರಳವಾಗಿತ್ತು, ನನಗೆ ಮೆಚ್ಚುಗೆಯೂ ಆಯಿತು. ಆದರೆ ಅಂಗಿ ಯಾರದು?

ನನಗಾಗಿಯೇ ಒಂದು ಅಳತೆ ದೊಡ್ಡದಾಗಿ ಹೊಲಿಸಿದ್ದು ಎಂದಳು ದೊಡ್ಡಮ್ಮ. ದೊಡ್ಡಪ್ಪನನ್ನು ಕೇಳಿದಾಗ, ತನ್ನ ಹರೆಯದ ಅಂಗಿ ಎಂದರು, ತಟ್ಟೆಯಿಂದ ತಲೆ ಎತ್ತದೆ. ಎರಡೂ ಕಥೆಗಳನ್ನು ನಾನು ನಂಬಲಿಲ್ಲ. ಹೊಸ ಅಂಗಿಯ ಮೊಣಕೈಗೆ ಯಾರೂ ತೇಪೆ ಹಾಕುವುದಿಲ್ಲ. ದೊಡ್ಡಪ್ಪ ಗಿಡ್ಡ, ಅಗಲ, ಅಂಗಿ ಉದ್ದ. ಕೊರಳಪಟ್ಟಿಯ ಒಳಗೆ ಬೆವರಿನ ಗೆರೆ ಇತ್ತು, ಎಡಜೇಬಿನ ತಳದಲ್ಲಿ ಶಾಯಿಯ ಕಲೆ ಇತ್ತು. ಇನ್ನೊಂದು ಸಂಗತಿ: ನಾನು ಆ ಅಂಗಿ ತೊಟ್ಟ ಸೋಮವಾರಗಳಲ್ಲಿ ದೊಡ್ಡಪ್ಪ ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು.

ಪಕ್ಕದ ಮನೆಯ ಸೆಲ್ವಿಯಕ್ಕ ತಮಿಳಿನವರು, ಮಾತುಗಾತಿ. ಒಂದು ಸೋಮವಾರ ಅಂಗಿಯ ಸಮೇತ ನೀರು ಹಿಡಿಯಲು ಹಿತ್ತಲಿಗೆ ಹೋದಾಗ ಅವರು ಹಾಡುತ್ತ ಬಟ್ಟೆ ಒಣಹಾಕುತ್ತಿದ್ದರು. ನನ್ನ ಬೆನ್ನು ಕಂಡು ಅವರ ಹಾಡು ನಿಂತಿತು. ನಾನು ತಿರುಗಿದೆ. "ಓ, ನೀನಾ," ಎಂದು, ಹಿಂಡಿದ್ದ ಸೀರೆಯನ್ನೇ ಮತ್ತೆ ಹಿಂಡುತ್ತ ಒಳಗೆ ಹೋದರು.

ವಾರಗಳು ಕಳೆದಂತೆ ಮುಷ್ಟಿಯ ಬಟ್ಟೆ ಅರ್ಧ ಮುಷ್ಟಿಯಾಯಿತು, ಅರ್ಧ ಮುಷ್ಟಿ ಚಿಟಿಕೆಯಾಯಿತು. ನಾನು ತುಂಬಿಕೊಳ್ಳುತ್ತಿದ್ದೆ, ಸಂತೋಷಪಡಬೇಕಿತ್ತು. ಆದರೆ ಅಂಗಿಯ ತೋಳಿನಲ್ಲಿ ಮಡಿಚಿ ಮಡಿಚಿ ಉಳಿದಿದ್ದ ಗೆರೆಗಳಿದ್ದವು. ನನ್ನ ಕೈ ತಾನಾಗಿಯೇ ಆ ಗೆರೆಗೆ ಸರಿಯಾಗಿ ತೋಳನ್ನು ಮಡಿಚುವುದನ್ನು ಕಲಿಯಿತು. ಎಡಹೆಗಲು ಸ್ವಲ್ಪ ಇಳಿಬಿದ್ದ ಅಂಗಿ ಅದು. ನಾನು ಬೇರೆ ಬಟ್ಟೆ ತೊಟ್ಟಾಗಲೂ ಎಡಹೆಗಲನ್ನು ಇಳಿಸಿ ನಡೆಯುತ್ತಿದ್ದೇನೆಂದು ಊರಿಗೆ ಹೋದಾಗ ಅಮ್ಮ ಗಮನಿಸಿದಳು. ಬಟ್ಟೆಯ ಹೊಲಿಗೆಗೆ ಮೈ ಒಗ್ಗುತ್ತದೆ, ಅದರಲ್ಲಿ ವಿಶೇಷವಿಲ್ಲ ಎಂದು ಈಗಲೂ ವಾದಿಸಬಲ್ಲೆ. ಮೆಂತ್ಯದ ವಿಷಯದಲ್ಲಿ ಮಾತ್ರ ನನ್ನ ವಾದ ಸೋಲುತ್ತದೆ. ಒಂದು ಬೆಳಿಗ್ಗೆ ಉಂಡೆ ಬಾಯಲ್ಲಿಟ್ಟಾಗ ಕಹಿ ಇರಲಿಲ್ಲ. ರುಚಿಯಾಗಿತ್ತು. ಇನ್ನೊಂದು ಕೇಳಿದೆ. ದೊಡ್ಡಮ್ಮ ಡಬ್ಬಿಯನ್ನು ಆಗಲೇ ತೆರೆದು ಹಿಡಿದಿದ್ದಳು.

ಪರೀಕ್ಷೆಗೆ ಮುಂಚಿನ ಸೋಮವಾರ. ಬೆಳಗಿನ ಬಿಸಿಲು ನಡುಕೋಣೆಯ ಕೆಂಪು ನೆಲದ ಮೇಲೆ ಬಿದ್ದಿತ್ತು. ಅಂಗಿ ತೊಟ್ಟು ಬೆನ್ನು ಮಾಡಿ ನಿಂತೆ. ಅವಳ ಬೆರಳುಗಳು ಬೆನ್ನಿನ ಮೇಲೆ ಹುಡುಕಿದವು. ಹಿಡಿಯಲು ಬಟ್ಟೆ ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದವು. ಆಮೇಲೆ ಅಂಗೈ ನನ್ನ ಬೆನ್ನಿಗೆ ಒತ್ತಿ ನಿಂತಿತು. ಕಾರ್ಖಾನೆಯ ಸೈರನ್ನು ಕೂಗಿ ಮುಗಿಯುವ ತನಕ ಅವಳು ಕಾದಳು.

"ಬಂದ್ಯಾ?" ಎಂದಳು.

"ಬಂದೆ ಅವ್ವ," ಎಂದೆ.

ನಮ್ಮ ಮನೆಯಲ್ಲಿ ತಾಯಿಯನ್ನು ಅಮ್ಮ ಎನ್ನುತ್ತೇವೆ. ಅವಳನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವ್ವ ಎಂಬ ಮಾತು ಅದುವರೆಗೆ ನನ್ನ ನಾಲಿಗೆಯ ಮೇಲೆ ಬಂದದ್ದಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಅವಳು ಕೈ ತೆಗೆದು ಒಳಗೆ ಹೋದಳು. ಮುದ್ದೆ ತೊಳಸುವ ಸದ್ದು ಎಂದಿನಂತೆಯೇ ಕೇಳಿತು.

ಪರೀಕ್ಷೆಯಲ್ಲಿ ತೂಕ ಸರಿಯಾಗಿತ್ತು, ಕೆಲಸ ಸಿಕ್ಕಿತು. ಅದೇ ವಾರ ನಾನು ಬೇರೆ ಕೋಣೆ ಹಿಡಿದೆ. ಹಬ್ಬಕ್ಕೆ ಕರೆದರೆ ಹೋಗುತ್ತಿದ್ದೆ, ಅಂಗಿಯಿದ್ದ ನಡುಕೋಣೆಗೆ ಹೋಗದೆ ಹಿತ್ತಲ ಬಾಗಿಲ ಬಳಿ ಕುಳಿತು ಉಂಡು ಬರುತ್ತಿದ್ದೆ. ಕಂಡವರು ಯಾರು ಎಂದು ಜಗತ್ತನ್ನೆಲ್ಲ ಪ್ರಶ್ನಿಸುವ ನಾನು ಅವಳನ್ನು ಮಾತ್ರ ಆ ಅಂಗಿಯ ಬಗ್ಗೆ ಮತ್ತೆ ಕೇಳಲಿಲ್ಲ. ನನ್ನ ತೂಕವಂತೂ ಅಲ್ಲಿಗೇ ನಿಂತಿತು. ಮದುವೆಯಾಯಿತು, ಮಕ್ಕಳಾದವು, ಬರಗಾಲದ ಊಟ, ಬೀಗರ ಊಟ ಎಲ್ಲವನ್ನೂ ಉಂಡೆ, ಜ್ವರ ಬಂದು ಮಲಗಿ ಎದ್ದೆ. ಆ ಅಂಗಿಯ ಅಳತೆಯಿಂದ ಒಂದು ಬೆರಳು ಆಚೆಯಿಲ್ಲ, ಈಚೆಯಿಲ್ಲ. ನಿವೃತ್ತನಾಗಿ ಶಿವಮೊಗ್ಗಕ್ಕೆ ಬಂದ ಮೇಲೆ, ಬೆಳಗಿನ ವಾಕಿಂಗಿನ ಗೆಳೆಯರು ಗುಟ್ಟು ಹೇಳಿ ಎಂದು ಕಾಡುತ್ತಿದ್ದರು. ಹಿತಮಿತವಾದ ಆಹಾರ ಎಂದು ಉಪದೇಶ ಮಾಡುತ್ತಿದ್ದೆ. ಪ್ರತಿ ಚಳಿಗಾಲಕ್ಕೂ ದೊಡ್ಡಮ್ಮ ಭದ್ರಾವತಿಯಿಂದ ಒಂದು ಡಬ್ಬಿ ಮೆಂತ್ಯದ ಉಂಡೆ ಕಳಿಸುತ್ತಿದ್ದಳು. ನಾನು ಯಾರಿಗೂ ಕೊಡದೆ ತಿನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮ ಲಿಂಗೈಕ್ಯಳಾದಳು. ತೊಂಬತ್ತು ದಾಟಿತ್ತು. ಭದ್ರಾವತಿಯ ರುದ್ರಭೂಮಿಯಲ್ಲಿ ದೊಡ್ಡಪ್ಪನ ಸಮಾಧಿಯ ಪಕ್ಕದಲ್ಲಿ ಗುಣಿ ತೆಗೆದಿದ್ದರು. ಅದರ ಆಚೆ ಇನ್ನೊಂದು ಹಳೆಯ ಸಮಾಧಿ ಇತ್ತು; ಹೆಸರಿಲ್ಲ, ಆದರೆ ಸುಣ್ಣ ಹೊಸದಾಗಿತ್ತು. ಕೋಲೂರಿ ನಿಂತಿದ್ದ ಸೆಲ್ವಿಯಕ್ಕನನ್ನು ಅದು ಯಾರದೆಂದು ಕೇಳಿದೆ. ಸ್ವಾಮಿಗಳ ಮಂತ್ರ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಅವ್ರಿಗೆ ಒಬ್ಬ ಮಗ ಇದ್ದ. ನೀನು ಬರೋಕ್ ಮುಂಚೆ. ಫ್ಯಾಕ್ಟರಿ ಮೆಡಿಕಲ್‌ಗೆ ಹೋಗ್ಬೇಕಿತ್ತು, ಕಾಮಾಲೆ ಬಂತು, ಕಡ್ಡಿ ಆಗ್ಬಿಟ್ಟ. ಅವ್ನ ಹೆಸ್ರು ಎತ್ಬಾರ್ದು ಅಂತ ನಮ್ಗೆಲ್ಲ ಆಣೆ ಹಾಕ್ಸಿದ್ಲು."

"ಆಸ್ಪತ್ರೇಲಿ ಹೋದ್ನಾ?"

"ಹೂಂ. ಮನೆಯಿಂದ ಹೊರಡ್ವಾಗ ನಾನೇ ಇದ್ದೆ. 'ಮೈ ತುಂಬ್ಕೊಂಡು ಬರ್ತೀನಿ ಅವ್ವ' ಅಂದ."

ಹಾಗೆಂದು ಅವರು ಸೀರೆಯ ಸೆರಗಿನ ಒಳಗಿನಿಂದ ಮಡಿಚಿದ ಬಟ್ಟೆಯೊಂದನ್ನು ತೆಗೆದರು. ತಿಳಿನೀಲಿ ಗೆರೆ. ದೊಡ್ಡಮ್ಮ ಮೊದಲೇ ಹೇಳಿಟ್ಟಿದ್ದಳಂತೆ. ಅದನ್ನು ಅವಳ ಮಡಿಲಲ್ಲಿಟ್ಟು ವಿಭೂತಿ, ಮಣ್ಣು ಹಾಕಿದರು. ನಾನೂ ಒಂದು ಹಿಡಿ ಹಾಕಿದೆ. ಮಣ್ಣು ಬಿದ್ದ ಸದ್ದು ಬಟ್ಟೆಯ ಮೇಲೆ ಬಿದ್ದ ಸದ್ದಿನಂತಿರಲಿಲ್ಲ. ಅಂಗಿಯ ಒಳಗೆ ಗಟ್ಟಿಯಾದದ್ದೇನೋ ಇದ್ದಂತೆ ಇತ್ತು. ಕಿವಿಯ ದೋಷವೂ ಇರಬಹುದು, ವಯಸ್ಸಾಗಿದೆ.

ನನ್ನ ತೂಕ ಇಳಿಯತೊಡಗಿದ್ದು ಆ ವಾರದಿಂದ. ಡಾಕ್ಟರಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವರು ಕೇಳಬಹುದಾದ ಮೊದಲನೆಯ ಪ್ರಶ್ನೆ ನನ್ನದೇ ಪ್ರಶ್ನೆ. ಕಂಡವರು ಯಾರು?

ಗಿರಿಜಾ ತಟ್ಟೆ ತಂದಳು. ಉಂಡೆ ಬೆಚ್ಚಗಿತ್ತು, ಮೇಲೆ ತುಪ್ಪ ಹೊಳೆಯುತ್ತಿತ್ತು. ಸೋಗಾನೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ಮನೆಯ ಮೇಲೆ ಹಾದುಹೋಯಿತು. ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು. ಬಾಯಲ್ಲಿಟ್ಟೆ. ಕಹಿ. ಹತ್ತೊಂಬತ್ತರ ವಯಸ್ಸಿನ ಆ ಬೆಳಿಗ್ಗೆ ನ್ಯೂ ಟೌನಿನಲ್ಲಿ ಕಣ್ಣಲ್ಲಿ ನೀರು ತರಿಸಿದ ಅದೇ ಕಹಿ.

"ಯಾಕ್ರೀ, ಸೀದಿದ್ಯಾ?" ಎಂದಳು.

"ಇಲ್ಲ. ನಂಗೆ ಮೆಂತ್ಯ ಆಗಲ್ಲ."

"ನಿಮ್ಗೆ ಮೊದ್ಲಿಂದ್ಲೂ ಇಷ್ಟ."

"ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ ಗಿರಿಜಾ."

ಅವಳು ನಗಲಿಲ್ಲ. ಬಾಗಿಲಲ್ಲಿ ಅಪರಿಚಿತನೊಬ್ಬ ನಿಂತಾಗ ನೋಡುವಂತೆ ನನ್ನ ಮುಖವನ್ನು ನೋಡಿದಳು. ಇಷ್ಟು ವರ್ಷ ಅವಳು ಬಡಿಸಿದ್ದು ಯಾರಿಗೆ, ಸಂಸಾರ ಮಾಡಿದ್ದು ಯಾರೊಂದಿಗೆ ಎಂಬ ಪ್ರಶ್ನೆ ಆ ನೋಟದಲ್ಲಿ ಇದ್ದಿರಲಾರದು. ಇತ್ತೆಂದು ನನಗೆ ಕಂಡಿತು. ನಾನು ತಲೆ ತಗ್ಗಿಸಿ ಉಂಡೆಯನ್ನು ಜಗಿದೆ. ಇದು ನನ್ನ ನಾಲಿಗೆ, ಇದು ನನ್ನ ಕಹಿ. ಈ ಸಲ ಹತ್ತುವುದಾದರೆ ನನ್ನ ಮೈಗೇ ಹತ್ತಲಿ ಎಂದುಕೊಂಡು ಕೊನೆಯ ತುಣುಕಿನವರೆಗೂ ತಿಂದೆ.

ಖಾಲಿ ತಟ್ಟೆ ಎತ್ತಿಕೊಳ್ಳಲು ಅವಳು ನನ್ನ ಹಿಂದೆ ಬಂದಳು. ಹೋಗಲಿಲ್ಲ. ನನ್ನ ಬೆನ್ನಿನ ಮೇಲೆ ಜೋಲುತ್ತಿದ್ದ ಬಟ್ಟೆಯನ್ನು ಕೂಡಿಸಿ, ಮುಷ್ಟಿಯಲ್ಲಿ ಹಿಡಿದು ನೋಡಿದಳು. "ಇದು ತುಂಬ್ಲಿ ಸಾಕು, ಡಾಕ್ಟ್ರ ಹತ್ರ ಹೋಗೋಣ," ಎಂದಳು.

ದೊಡ್ಡಮ್ಮನ ಮುಷ್ಟಿಯ ಕಥೆಯನ್ನು ನಾನು ಅವಳಿಗೆ ಎಂದೂ ಹೇಳಿದವನಲ್ಲ. ನಾಳೆಯೂ ಉಂಡೆ ತಿನ್ನುತ್ತೇನೆ, ನಾಡಿದ್ದೂ ತಿನ್ನುತ್ತೇನೆ. ಶಸ್ತ್ರಚಿಕಿತ್ಸೆ ಆಗಬೇಕು, ಬದುಕಬೇಕು. ಆದರೆ ಈ ಅಂಗಿ ತುಂಬಿದ ದಿನ ಅವಳ ಅಂಗೈ ನನ್ನ ಬೆನ್ನಿಗೆ ಒತ್ತಿ ನಿಂತು "ಬಂದ್ರಾ?" ಎಂದು ಕೇಳಿದರೆ, ತಕ್ಷಣ ಬಾಯಿ ತೆರೆಯಬಾರದೆಂದು ನಿಶ್ಚಯಿಸಿದ್ದೇನೆ. ಮೊದಲು ತಿರುಗಿ ಅವಳ ಮುಖ ನೋಡುತ್ತೇನೆ.