ಬೇಡಕ್ಕನ ಐದು ಪದ

ನನ್ನ ಅಕ್ಕನಿಗೆ ಅಖಾಡದ ಮಕ್ಕಳು ಇಟ್ಟ ಹೆಸರು 'ಬೇಡಕ್ಕ'. ಉಕ್ಕಿನ ಕವಚ ತೊಟ್ಟು ಮೊಂಡು ಕತ್ತಿಯಲ್ಲಿ ಬಡಿದಾಡುವ ಆಟ ನಮ್ಮದು. ಹದಿನಾರು ತುಂಬಿದವರು ಆಡಬಹುದು, ಆದರೆ ಅಕ್ಕ ಹೂಂ ಅನ್ನಬೇಕು. ಮೂವತ್ತು ವರ್ಷ ನರ್ಸ್ ಆಗಿದ್ದವಳು. ಮಂಡಿ ಬಗ್ಗಿಸಿ ನೋಡುತ್ತಾಳೆ, ಕವಚ ತೊಡಿಸಿ ಬೀಳಿಸಿ ಏಳಿಸುತ್ತಾಳೆ, ಸಂಶಯ ಬಂದರೆ ಕಡ್ಡಿ ಮುರಿದಂತೆ "ಬೇಡ" ಅನ್ನುತ್ತಾಳೆ. ನಾನು ಅಲ್ಲೇ ಶಿರಸ್ತ್ರಾಣಗಳ ತಗ್ಗು ಬಡಿದು ಸರಿಮಾಡುವವನು.

ತಲೆಗೆ ಪೆಟ್ಟು ಬಿದ್ದವರಿಗೆ ಅವಳದೊಂದು ಪರೀಕ್ಷೆ. ಐದು ಪದ ಹೇಳುವುದು, ಐದು ನಿಮಿಷ ಬಿಟ್ಟು ತಿರುಗಿ ಕೇಳುವುದು. ಏಣಿ, ನಿಂಬೆ, ಕುದುರೆ, ದೀಪ, ಸಾಬೂನು. ಒಂದು ತಪ್ಪಿದರೂ ಆಟ ಬಂದ್, ಸೀದಾ ಡಾಕ್ಟರ ಹತ್ತಿರ. ಒಂಬತ್ತು ವರ್ಷದಿಂದ ಅವೇ ಐದು ಪದ. "ಎಲ್ರಿಗೂ ಒಂದೇ ತಕ್ಕಡಿ ಇರ್ಬೇಕು ಕಣೋ" ಎಂಬುದು ಅವಳ ವಾದ. ಯಾರೂ ತಪ್ಪುತ್ತಿರಲಿಲ್ಲ. ನಮ್ಮ ಮಕ್ಕಳ ತಲೆ ಬಲು ಗಟ್ಟಿ ಎಂದು ನಾವಿಬ್ಬರೂ ಬೀಗುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಹೋದ ಶನಿವಾರ ಅಕ್ಕನ ಮಗಳು, ಹದಿನೇಳರವಳು, ಸೆಮಿಫೈನಲ್ ಗೆದ್ದಳು. ಗೆಲ್ಲುವ ಮೊದಲು ಎಡಗಡೆ ಒಂದು ಪೆಟ್ಟು ತಿಂದಿದ್ದಳು. ಶಿರಸ್ತ್ರಾಣ ನನ್ನ ಕೈಗೆ ಬಂದಾಗ ಹೆಬ್ಬೆರಳು ಕೂರುವಷ್ಟು ತಗ್ಗಿತ್ತು. ಹುಡುಗಿ ನಗುತ್ತಲೇ ಬಂದು ಬೆಂಚಿನ ಮೇಲೆ ಕೂತಳು. ಫೈನಲ್‌ಗೆ ಇನ್ನು ಅರ್ಧ ಗಂಟೆ. ಅಕ್ಕ ಕನ್ನಡಕ ಒರೆಸುತ್ತಾ "ಶುರು ಮಾಡ್ಲಾ?" ಎಂದಳು, ಅಷ್ಟೇ.

"ಏಣಿ, ನಿಂಬೆ, ಕುದುರೆ, ದೀಪ, ಸಾಬೂನು," ಎಂದು ಮಗಳು ಪಟಪಟ ಒಪ್ಪಿಸಿದಳು.

ಅಕ್ಕ ಇನ್ನೂ ಒಂದು ಪದವನ್ನೂ ಹೇಳಿರಲಿಲ್ಲ.

ಪಕ್ಕದಲ್ಲಿ ಕೈಗವಸು ಬಿಚ್ಚುತ್ತಿದ್ದ ಉದ್ದನೆಯ ಹುಡುಗಿ ತಲೆ ತಗ್ಗಿಸಿದಳು.

"ಆಂಟಿ, ಅದು ನಮಗೆಲ್ಲ ಬಾಯಿಪಾಠ. ಬಟ್ಟೆ ಬದಲಿಸೋ ರೂಮಲ್ಲಿ ಬೀರು ಬಾಗಿಲಿನ ಒಳಗೆ ಬರೆದಿದೆ."

ಶಿರಸ್ತ್ರಾಣ ಇಡಲು ಹೋದಾಗಲೆಲ್ಲ ನಾನು ಆ ಬರಹ ನೋಡಿದ್ದೆ. ಯಾರದೋ ಮನೆಯ ಸಾಮಾನು ಚೀಟಿ ಎಂದುಕೊಂಡಿದ್ದೆ. ಕುದುರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಅಕ್ಕ ಕನ್ನಡಕ ಏರಿಸಿಕೊಂಡಳು. "ಹಗ್ಗ, ಮೊಳೆ, ಮೋಡ, ಬುಟ್ಟಿ, ಹಾಲು" ಎಂದು ನಿಧಾನವಾಗಿ ಹೇಳಿ ಗೋಡೆ ಗಡಿಯಾರ ನೋಡುತ್ತಾ ನಿಂತಳು. ಐದು ನಿಮಿಷವಾಯಿತು.

"ಈಗ ಹೇಳು, ಚಿನ್ನ."

"ಏಣಿ... ನಿಂಬೆ..." ಹುಡುಗಿ ತಡವರಿಸಿದಳು. ಆಮೇಲೆ ತಾಯಿಯ ಮುಖವನ್ನೇ ದಿಟ್ಟಿಸಿ, "ಅಮ್ಮಾ, ನೀನ್ಯಾವಾಗ ಬಂದೆ?" ಎಂದಳು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ರಕ್ತಸ್ರಾವ ಇಲ್ಲ, ಆದರೆ ಮೂರು ತಿಂಗಳು ಕವಚ ಮುಟ್ಟುವಂತಿಲ್ಲ ಎಂದರು. ನನಗೆ ಹೋದ ಜೀವ ಬಂತು. ಅಕ್ಕನಿಗೆ ಬರಲಿಲ್ಲ. ವಾರ್ಡಿನ ಹೊರಗೆ ಕೂತು, ಒಂಬತ್ತು ವರ್ಷದ ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು, ಪೆಟ್ಟು ಬಿದ್ದಮೇಲೂ ತಾನು ಹೂಂ ಅಂದ ಮಕ್ಕಳ ಒಂದೊಂದೇ ಮನೆಗೆ ಫೋನ್ ಮಾಡತೊಡಗಿದಳು.

"ನನ್ನಿಂದ ತಪ್ಪಾಗಿದೆ. ದಯವಿಟ್ಟು ಮಗೂನ ಒಂದ್ಸಲ ಡಾಕ್ಟರಿಗೆ ತೋರ್ಸಿ."

ನಾಲ್ಕನೆಯ ಮನೆಯವರು ಏನೋ ಹೇಳಿದರು. ಅಕ್ಕ ಬಹಳ ಹೊತ್ತು ಕೇಳಿಸಿಕೊಂಡಳು. ಫೋನ್ ಇಟ್ಟಮೇಲೆ ನನ್ನ ತೋಳು ಹಿಡಿದುಕೊಂಡಳು.

"ಅವರ ಹುಡುಗನಿಗೆ ಎರಡು ವರ್ಷದಿಂದ ತಲೆನೋವಂತೆ ಕಣೋ. ಓದಿದ್ದು ತಲೇಲಿ ನಿಲ್ಲಲ್ವಂತೆ. ಸೋಮಾರಿ ಅಂತ ದಿನಾ ಬೈತಿದ್ರಂತೆ."