ಮೈ ನೆನಪಿಡದ ನಾರು

ಮೊನ್ನೆ ಮೊಣಕಾಲು ನೋವಿಗೆಂದು ಸೊಸೆ ಔಡಲ ಎಲೆ ಬಿಸಿ ಮಾಡಿ ಕಟ್ಟಿದಳು. ಆ ವಾಸನೆಗೆ ಕಾಕು ನೆನಪಾದರು. ಬಸವಕಲ್ಯಾಣ ತಾಲೂಕಿನ ಮುಡಬಿ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಪಕ್ಕದ ಮನೆಯಲ್ಲಿದ್ದ ಹಿರಿಯ ಹೆಂಗಸು, ನಾನು ಚಿಕ್ಕಮ್ಮನೆಂದು ಕಾಕು ಅನ್ನುತ್ತಿದ್ದೆ...

ಅರವತ್ತರ ದಶಕ. ಊರಿಗೆಲ್ಲ ಮೆಟ್ಟಿಲು ಬಾವಿಯ ನೀರು. ಬೇಸಿಗೆಯಲ್ಲಿ ಯಾರದಾದರೂ ಕಾಲಲ್ಲಿ ಬೊಬ್ಬೆ ಒಡೆದು, ಬಿಳಿ ದಾರದಂಥ ನಾರು ಹುಳ ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಹರಿದರೆ ಕಾಲೆಲ್ಲ ಕೀವು. ನೀರಲ್ಲಿಟ್ಟ ಕಾಲಿಗೇ ಅದು ಹತ್ತುತ್ತದೆಂದು ನಂಬಿದ್ದೆವು.

ನಾನು ಬಸುರಿಯಿದ್ದ ವರ್ಷ ಕಾಕುವಿನ ಹಿಮ್ಮಡಿಯಲ್ಲಿ ನಾರು ಎದ್ದಿತ್ತು, ಅದಕ್ಕೆ ಔಡಲ ಎಲೆ ಕಟ್ಟಿಕೊಂಡಿದ್ದರು. ಆದರೂ ನನ್ನ ಕೊಡ ಕಸಿದುಕೊಂಡು ಅವರೇ ಬಾವಿಗೆ ಇಳಿಯುತ್ತಿದ್ದರು.

"ನೀ ಮ್ಯಾಲೇ ನಿಂದ್ರು. ದೇವಿ ಬಂದು ಹೋದವರಿಗಿ ಮತ್ತ ಬರ್ತದೇನು? ಇದೂ ಹಾಂಗೇ. ನನ್ನ ಮೈ ಗಟ್ಟಿ ಆಗ್ಯಾದ." ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಿದ್ದರು.

"ಕುಂಟಾಕತ್ತೀರಲ್ರಿ ಕಾಕು..."

"ನಿನ್ನ ಹೊಟ್ಟಿ ನೋಡ್ಕೋ, ಎರಡು ಕೊಡ ಹೊತ್ತಂಗ ಅದ!"

ಮರುವರ್ಷ ಅವರಿಗೆ ಮತ್ತೆ ನಾರು ಬಂತು. ನನ್ನ ಕಾಲಲ್ಲೂ ಎದ್ದಿತು. ಕೂಸು ಎದೆಹಾಲಿನ ಮೇಲೇ ಇತ್ತು, ಅದಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು.

ಆಗಲೇ ಹುಮನಾಬಾದಿನಿಂದ ದೇವಿ ಹಾಕುವವರು, ಸಿಡುಬಿನ ಲಸಿಕೆಯವರು, ಕೂಸಿಗೆ ಹಾಕಲು ಬಂದರು. ಕಾಕು ನನ್ನ ತೋಳು ಹಿಡಿದು ಮುಂದೆ ಚಾಚಿದರು.

"ಸಾಹೇಬ್ರ, ಈಕಿಗಿ ನಾರಿಂದೂ ಒಂದು ಹಾಕಿಬಿಡ್ರಿ."

"ನಾರಿಗಿ ಅಂಥಾದ್ದು ಇಲ್ರಿ ಅಮ್ಮಾ. ದೇವಿನ್ನ ಮೈ ನೆನಪಿಡ್ತದ, ನಾರನ್ನ ಇಡಂಗಿಲ್ಲ. ನಾರು ಎದ್ದ ಕಾಲು ನೀರಾಗ ಇಟ್ರ ಹುಳದ ಮರಿ ನೀರಿಗಿ ಬೀಳ್ತಾವ. ಆ ನೀರು ಕುಡದವರಿಗಿ ಒಂದು ವರ್ಷಕ್ಕ ನಾರು. ಅರಿವಿಯಾಗ ಸೋಸಿ ಕುಡೀರಿ."

ಕಾಕು ನನ್ನ ಕಾಲನ್ನೇ ನೋಡಿದರು. "ಅಂದ್ರ ನಾನೇ..."

"ಬಾವಿಗಿ ಊರೆಲ್ಲಾ ಇಳೀತದ್ರಿ ಕಾಕು," ಎಂದೆ. ಅವರು ಹಿಡಿದಿದ್ದ ನನ್ನ ತೋಳು ಬಿಟ್ಟರು.

ಮರುದಿನದಿಂದ ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತರು. "ಮೊದಲ ಕಾಲು ತೋರ್ಸು, ಆಮ್ಯಾಲ ಕೊಡ!" ನಾರು ಎದ್ದವರ ಕೊಡವನ್ನು ಬೇರೆಯವರಿಂದ ತುಂಬಿಸುತ್ತಿದ್ದರು. ಜನ 'ಬಾವಿ ಪೊಲೀಸ್' ಎಂದು ನಕ್ಕರು. ಕಾಕು ನನ್ನ ಮನೆಗೆ ಬರುವುದನ್ನು ಮಾತ್ರ ಕಡಿಮೆ ಮಾಡಿದರು. ಬಂದರೂ ಹೊಸ್ತಿಲಲ್ಲೇ ನಿಂತು ಹೋಗುತ್ತಿದ್ದರು. ಊರಿಗೆ ಕೈಪಂಪು ಬರುವ ಮೊದಲೇ ತೀರಿಕೊಂಡರು...

ಈಗಲೂ ಪೂಜೆಗೆ ಕೂತು ದೇವರ ಉಪಕಾರ ಎಣಿಸುವಾಗ ಅವರು ನೆನಪಿಗೆ ಬರುತ್ತಾರೆ. ಅವರು ತಂದ ನೀರಿನಿಂದಲೇ ನನಗೆ ನಾರು ಬಂದಿರಬಹುದು. ಆದರೆ ಅವರಿಂದಾಗಿಯೇ ಆ ಬಸುರಿನಲ್ಲಿ ಆ ಪಾಚಿಗಟ್ಟಿ ಜಾರುವ ಮೆಟ್ಟಿಲು ನಾನು ಒಂದು ದಿನವೂ ಇಳಿಯಲಿಲ್ಲ ಎಂಬುದೂ ನಿಜ. ಅದನ್ನು ಅವರ ಮುಂದೆ ಒಮ್ಮೆ ಹೇಳಿದ್ದರೆ, ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದರೇನೋ.