ನಾಲ್ಕು ಕರಿ ಲಂಗಗಳು

ಟೇಲರಮ್ಮನ ತುಟಿಗಳ ನಡುವೆ ಸದಾ ಐದಾರು ಗುಂಡುಪಿನ್ನುಗಳಿರುತ್ತಿದ್ದವು. ಅವುಗಳ ಸಂದಿಯಿಂದಲೇ ಗಿರಾಕಿಗಳನ್ನು ಬೈಯುತ್ತಿದ್ದಳು, ಊರಿನ ರಾಜಕೀಯವನ್ನು ವಿಮರ್ಶಿಸುತ್ತಿದ್ದಳು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ತಕರಾರು ತೆಗೆಯುತ್ತಿದ್ದಳು. ಪಿನ್ನುಗಳನ್ನು ತೆಗೆದು ಮುಂಗೈಗೆ ಕಟ್ಟಿಕೊಂಡ ಮೆತ್ತೆಗೆ ಚುಚ್ಚಿದಳೆಂದರೆ ಮಾತು ಗಂಭೀರ ಎಂದು ವಾಡಿ ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು.

ಸ್ಟೇಷನ್ ಹಿಂದಿನ ಓಣಿಯಲ್ಲಿ ಟೇಲರಮ್ಮನದು ಒಂದೇ ಕೋಣೆಯ ಅಂಗಡಿ. ಒಳಗೆ ಅಳತೆ ಕೊಡಲು ಹೂವಿನ ಪರದೆ, ಹೊರಗೆ ಶಹಾಬಾದ್ ಕಲ್ಲಿನ ಬೆಂಚು. ಬೆಂಚು ಗಂಡಂದಿರಿಗೆ ಮೀಸಲು. "ಒಳಗ ಹೆಂಗಸರ ಮಾತದ, ಅಲ್ಲೇ ಕುಂದ್ರಿ" ಎಂದರೆ ಎಂಥ ಅಧಿಕಾರಿಯೂ ಕೂರಲೇಬೇಕು. ನನ್ನ ಗಂಡ ಆ ಬೆಂಚಿನ ಮೇಲೆ ಎಷ್ಟೋ ದಿನಪತ್ರಿಕೆಗಳನ್ನು ಟೆಂಡರ್ ಪ್ರಕಟಣೆಗಳ ಸಮೇತ ಓದಿ ಮುಗಿಸಿದ್ದಾರೆ.

ಆಕೆಗೆ ಓದು ಬರಹ ಅಷ್ಟಕ್ಕಷ್ಟೆ. ಅಳತೆಯ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಹಾಳೆ. ಹೊಲಿದ ಪ್ರತಿ ಬಟ್ಟೆಯ ಬೆರಳಗಲದ ಚೂರೊಂದನ್ನು ಆ ಹಾಳೆಗೆ ಸೂಜಿಯಿಂದ ಟಾಕಿ ಹಾಕಿಡುತ್ತಿದ್ದಳು. ಯಾರ ಮನೆಯಲ್ಲಿ ಮದುವೆ, ಯಾರ ಮೈ ಇಳಿಯಿತು, ಯಾರು ಬಾಣಂತಿ, ಎಲ್ಲವೂ ಆ ಚೂರುಗಳಲ್ಲಿ ದಾಖಲು.

ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಇಪ್ಪತ್ತು ವರ್ಷ ಸಂತಾನೋತ್ಪತ್ತಿಯ ಪಾಠವನ್ನು ಅತ್ಯಂತ ಘನತೆಯಿಂದ ನಿರ್ವಹಿಸಿದ್ದೆ. ಅಂದರೆ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಆಜ್ಞಾಪಿಸಿ ಮುಂದಿನ ಪಾಠಕ್ಕೆ ಪಯಣಿಸಿದ್ದೆ. ನಲವತ್ತಾರಕ್ಕೆ ನನ್ನದೇ ಮುಟ್ಟು ಶಿಸ್ತು ತಪ್ಪಿತು. ಒಮ್ಮೆ ಇಪ್ಪತ್ತೇ ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಬಂದರೆ ಹನ್ನೆರಡು ದಿನ ಠಿಕಾಣಿ. ಶಾಲೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವಂತಾಯಿತು.

ಸೇಡಂನ ನಾದಿನಿ ಫೋನಿನಲ್ಲೇ ತೀರ್ಪು ಕೊಟ್ಟಳು: "ಮುಟ್ಟು ನಿಲ್ಲೂ ಮುಂದ ಹಂಗೇ ವೈನಿ. ಭಾಳ ಆದ್ರ ಚೀಲ ತೆಗಿಸಿಬಿಡು. ನಮ್ಮ ಓಣ್ಯಾಗ ಎಲ್ಲಾರೂ ತೆಗಿಸ್ಯಾರ." ಗರ್ಭಕೋಶವೆಂದರೆ ಅವಳಿಗೆ ಅಲ್ಲಾಡುವ ಹಲ್ಲು. ಡಾಕ್ಟರ ಬಳಿ ಹೋದರೆ ಕೊಯ್ದೇಬಿಡುತ್ತಾರೆಂದು ಹೆದರಿ ನಾನು ಹೋಗಲಿಲ್ಲ. ವಿಜ್ಞಾನಿಯಾದ್ದರಿಂದ ವೈಜ್ಞಾನಿಕ ಪರಿಹಾರವೊಂದನ್ನು ಕಂಡುಹಿಡಿದೆ: ಕಲೆ ಕಾಣದ ಕಪ್ಪು ಲಂಗ.

ನಾಲ್ಕನೆಯದಕ್ಕೆ ಬಟ್ಟೆ ಕೊಟ್ಟಾಗ ಟೇಲರಮ್ಮ ಪಿನ್ನುಗಳ ನಡುವಿನಿಂದ ಕೇಳಿದಳು, "ಮತ್ತ ಕರೀದ?"

"ಊರ ತುಂಬ ಸಿಮೆಂಟ್ ಫ್ಯಾಕ್ಟರಿ ಬಿಳೀ ಧೂಳಲ್ವಾ? ಕರೀದು ಅನುಕೂಲ."

"ಧೂಳು ಕರೀ ಮ್ಯಾಲೇ ಎದ್ದು ಕಾಣ್ತದ್ರಿ. ಅದೂ ಅಲ್ದ, ಲಂಗ ಸೀರಿ ಒಳಗಿರ್ತದ. ಒಳಗ ಯಾವ ಧೂಳು ಬರ್ತದ ಟೀಚರಮ್ಮ? ಮಕ್ಕಳಿಗೆ ಹಿಂಗೇ ಪಾಠ ಹೇಳ್ತೀರೇನು?"

ಪಿನ್ನುಗಳು ಒಂದೊಂದಾಗಿ ಮೆತ್ತೆಗಿಳಿದವು. ಪರದೆ ಎಳೆದಳು, ಪುಸ್ತಕ ತೆರೆದು ನನ್ನ ಹಾಳೆಯನ್ನು ಮುಂದಿಟ್ಟಳು. ಗುಲಾಬಿ, ಹಳದಿ, ಗಿಳಿಹಸಿರು, ಬಿಳಿ. ಆಮೇಲೆ ಕಪ್ಪು, ಕಪ್ಪು, ಕಪ್ಪು.

"ಎಷ್ಟು ದಿನ ಹೋಗ್ತದ?"

ಹೇಳಿದೆ. ಗಂಡನಿಗೂ ಹೇಳದ್ದನ್ನೆಲ್ಲ ಹೇಳಿದೆ, ಚೀಲದ ಭಯವನ್ನೂ.

"ಬಟ್ಟಿ ಬಿಗಿ ಆತಂದ್ರ ಏಕ್‌ದಮ್ ಕತ್ತರಿ ಹಾಕ್ತೀವೇನು? ಮೊದಲ ಹೊಲಿಗಿ ಬಿಚ್ಚಿ ನೋಡ್ತೀವಿ." ಮೆಲ್ಲಗೆ ಅಂದಳು, "ನಂದು ಚೀಲ ಇಪ್ಪತ್ತೆಂಟಕ್ಕೇ ತೆಗದ್ರು. ಬರೇ ಬಿಳಿ ಹೋಗ್ತಿತ್ತು ನೋಡ್ರಿ, ಗುಳಿಗಿ ನುಂಗಿದ್ರ ನಿಲ್ಲೂವಂಥದು. ನಾ ಏನೂ ಕೇಳಲಿಲ್ಲ. ನೀವು ಓದಿದೋರು, ಕೇಳ್ರಿ. ಸ್ಕ್ಯಾನ್ ಆಗೂತನಕ ಈ ಲಂಗ ನಾ ಹೊಲ್ಯಾಂಗಿಲ್ಲ."

ಬಟ್ಟೆಯನ್ನು ಜಪ್ತಿ ಮಾಡಿದಳು. ಹೊರಗೆ ಬಂದು ಬೆಂಚಿನ ಮೇಲಿದ್ದ ನನ್ನ ಗಂಡನಿಗೆ, "ನಾಳೆ ಕಲಬುರಗಿಗೆ ಕರ್ಕೊಂಡು ಹೋಗ್ರಿ. ಪೇಪರ್ ಗಾಡ್ಯಾಗ ಓದ್ರಿ" ಎಂದಳು.

ಕಲಬುರಗಿಯ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ಸಣ್ಣದೊಂದು ಗಡ್ಡೆ, ಅಪಾಯದ್ದಲ್ಲ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಮಾತ್ರ ಇರಬೇಕಾದ್ದರ ಅರ್ಧಕ್ಕೆ ಇಳಿದಿತ್ತು. ಈ ವಯಸ್ಸಿನಲ್ಲಿ ದಿನಗಳು ಹಿಂದೆಮುಂದೆ ಆಗುವುದು ಸಹಜ, ಆದರೆ ಹೀಗೆ ಸುರಿಯುವುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು ಎಂದು ನನಗೆ ಪಾಠ ಹೇಳಿದರು. ಮನೆಯಲ್ಲಿ ಓದಿಕೊಳ್ಳಿ ಎನ್ನಲಿಲ್ಲ. ಗುಳಿಗೆಗಳಲ್ಲೇ ಹತೋಟಿಗೆ ಬಂತು. ಚೀಲ ಸ್ವಸ್ಥಾನದಲ್ಲೇ ಉಳಿಯಿತು. ನಾದಿನಿಗೆ ತುಸು ನಿರಾಸೆಯಾದಂತಿತ್ತು.

ಆರು ತಿಂಗಳ ಮೇಲೆ ಮೆಟ್ಟಿಲುಗಳನ್ನು ಗೋಡೆಯ ಸಹಾಯವಿಲ್ಲದೆ ಹತ್ತುತ್ತಿದ್ದೆ. ಬಿಳಿ ಬಟ್ಟೆ ಹಿಡಿದು ಅಂಗಡಿಗೆ ಹೋದೆ. ಟೇಲರಮ್ಮ ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಪಿನ್ನುಗಳನ್ನೆಲ್ಲ ತೆಗೆದಳು. ಏನೋ ಗಂಭೀರವಾದದ್ದು ಬರುತ್ತದೆಂದು ಕಾದೆ. ಬರೀ ನಕ್ಕಳು. ಆಕೆಯ ಪೂರ್ತಿ ನಗುವನ್ನು ನಾನು ಕಂಡದ್ದು ಆವತ್ತೇ.

ಹೋದ ವರ್ಷ ಆಕೆ ತೀರಿಕೊಂಡಳು. ಅಂಗಡಿಯಲ್ಲೀಗ ಮೊಬೈಲ್ ರಿಪೇರಿ ನಡೆಯುತ್ತದೆ. ಬೆಂಚನ್ನು ನಾವು ಶಿಕ್ಷಕಿಯರು ಕೇಳಿ ಪಡೆದು ಶಾಲೆಗೆ ತಂದು, ಸ್ಟಾಫ್ ರೂಮಿನ ಹೊರಗೆ ಹಾಕಿಸಿದ್ದೇವೆ.

ಈ ಸಲ ಆ ಪಾಠ ಬಂದಾಗ ಪುಸ್ತಕ ಮುಚ್ಚಿ ಕರಿ ಲಂಗಗಳ ಕಥೆಯಿಂದಲೇ ಶುರುಮಾಡಿದೆ. ಹುಡುಗಿಯರು ಮುಸಿಮುಸಿ ನಕ್ಕರು. ಕೊನೆಯ ಬೆಂಚಿನವಳೊಬ್ಬಳು ಮಾತ್ರ ನಗಲಿಲ್ಲ, ಎದ್ದು ನಿಂತಳು.

"ಟೀಚರ್, ನಮ್ಮವ್ವನ ಲಂಗಾನೂ ಎಲ್ಲಾ ಕರೀವೇ ಅದಾವ್ರಿ."

ನಾನು ಹೇಳಿಕಳಿಸಿದ್ದಕ್ಕೆ ಮರುದಿನ ಅವಳ ಅವ್ವ ಸ್ಟಾಫ್ ರೂಮಿಗೆ ಬಂದರು, ಜೊತೆಗೆ ಅಪ್ಪನೂ. ಅಪ್ಪನ ಕೈಗೆ ಅಂದಿನ ಪೇಪರ್ ಕೊಟ್ಟೆ.

"ಒಳಗ ಹೆಂಗಸರ ಮಾತದ. ನೀವು ಅಲ್ಲೇ ಕುಂದ್ರಿ" ಎಂದೆ.